ಪಂಜದಲ್ಲಿ ನಾನು ಮಹಾಯುದ್ಧ ಮುಗಿಸಿದ್ದು

ಎರಡನೇ ಮಹಾಯುದ್ಧಕ್ಕೆ ಕಾರಣಗಳು ಐದು, ಪರಿಣಾಮಗಳು ಆರು. ಆರನೆಯದನ್ನು ಬರೆಯದಿದ್ದರೂ ನಡೆಯುತ್ತದೆ, ಪ್ರಶ್ನೆ ಐದೇ ಅಂಕದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ಪಂಜದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತಿದ್ದದ್ದು ಹೀಗೆ. ಪರೀಕ್ಷೆಗೆ ಬಂದೇ ಬರುವ ಪಾಠವಾದ್ದರಿಂದ ವರ್ಷದ ಮೊದಲಿಗೇ ಅದನ್ನು ಹಿಡಿಯುತ್ತಿದ್ದೆ. ಜಗತ್ತಿಗೆ ಆರು ವರ್ಷ ಹಿಡಿದ ಯುದ್ಧ ನನ್ನ ಕೈಯಲ್ಲಿ ಒಂದೂವರೆ ಪೀರಿಯಡಿಗೆ ಮುಗಿಯುತ್ತಿತ್ತು.

ನಾನು ಬಾಡಿಗೆಗಿದ್ದದ್ದು ಶಾಲೆಯ ಹತ್ತಿರದ ಮನೆಯೊಂದರ ಹೊರಕೋಣೆಯಲ್ಲಿ. ಮನೆ ಒಬ್ಬ ಅಮ್ಮನದ್ದು. ಐವತ್ತೈದು ದಾಟಿದ್ದರೂ ಹಣೆಯಲ್ಲಿ ದೊಡ್ಡ ಕುಂಕುಮ, ಕೊರಳಲ್ಲಿ ಕರಿಮಣಿ. ಜೊತೆಗೆ ಒಬ್ಬಳೇ ಮಗಳು. ಆ ಮಗಳು ಹೊಟ್ಟೆಯಲ್ಲಿದ್ದಾಗ ಅಮ್ಮನ ಗಂಡ ಪುತ್ತೂರಿಗೆ ಹೋಗಿ ಮಿಲಿಟರಿ ಸೇರಿ, ಅಲ್ಲಿಂದ ಬರ್ಮಾಕ್ಕೆ ಹೋದವರು. ಎರಡು ಕಾಗದ ಬಂದವು, ಆಮೇಲೆ ಇಲ್ಲ. ಸತ್ತರೆಂದೂ ಯಾರೂ ಬರೆದು ತಿಳಿಸಲಿಲ್ಲ. ಸರಕಾರಕ್ಕೆ ಯುದ್ಧ ಗೆಲ್ಲುವ ಗಡಿಬಿಡಿ, ಪಾಪ.

ಮಳೆಗಾಲದ ಆಟಿ ತಿಂಗಳಲ್ಲಿ ಆ ಮನೆಯಲ್ಲಿ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮವಿತ್ತು, ಒಬ್ಬೊಬ್ಬರಿಗೆ ಒಂದೊಂದು ಎಲೆ. ಸತ್ತವರಿಗೆ ಹಾಕದಿದ್ದರೆ ಅವರು ಹಸಿದೇ ಇರುತ್ತಾರೆ. ಬದುಕಿರುವವರಿಗೆ ಹಾಕಿದರೆ ನಾವೇ ಕೊಂದ ಹಾಗೆ. ಪ್ರತಿ ಆಟಿಗೂ ತಾಯಿ ಮಗಳಿಗೆ ಇದೇ ಜಗಳ. ಮಗಳು ಅಪ್ಪನಿಗೂ ಒಂದು ಎಲೆ ಹಾಕುವ ಎನ್ನುತ್ತಿದ್ದಳು, ಅಮ್ಮ ಬೇಡ ಎನ್ನುತ್ತಿದ್ದರು.

ಆ ವರ್ಷ ನಾನು ಜಗಲಿಯಲ್ಲಿ ಕೂತು ನೋಟ್ಸನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಮ್ಮ ಬಂದು ಕಂಬಕ್ಕೆ ಒರಗಿ ನಿಂತರು.

“ಮಾಷ್ಟ್ರೆ, ನೀವು ಓದುದು ಆ ಬರ್ಮಾದ ಯುದ್ಧವಾ?”

“ಅದು ಸಹ ಉಂಟಮ್ಮ ಇದರಲ್ಲಿ.”

“ಅದಕ್ಕೆ ಹೋದವರು ಇನ್ನು ಬರ್ಲಿಕ್ಕೆ ಉಂಟಾ? ಎಲ್ಲಿಯಾದ್ರೂ ಜೈಲಲ್ಲಿ ಇರ್ಬಹುದಾ?”

ಕೇಳುವವರು ಸಿಕ್ಕಿದರೆ ಮೇಷ್ಟರ ಬಾಯಿ ನಿಲ್ಲುತ್ತದೆಯೇ? ಜಪಾನು ಶರಣಾದದ್ದು, ಸೆರೆಯಾಳುಗಳನ್ನು ಬಿಟ್ಟದ್ದು, ಎಲ್ಲವನ್ನೂ ಇಸವಿ ಸಮೇತ ಒಪ್ಪಿಸಿದೆ. “ಬರುವವರೆಲ್ಲ ಆಗಲೇ ಬಂದಾಯ್ತಮ್ಮ. ಇನ್ನು ಯಾರೂ ಇಲ್ಲ.”

“ಒಬ್ಬರೂ ಇಲ್ವಾ?”

“ಒಬ್ಬರೂ ಇಲ್ಲ.”

ಈ ಮಾತು ಯಾವ ಗೈಡಿನಲ್ಲೂ ಇರಲಿಲ್ಲ. ನನ್ನ ಇಡೀ ಸರ್ವೀಸಿನಲ್ಲಿ ನಾನು ಸ್ವಂತ ತಲೆಯಿಂದ ಮಾಡಿದ ಸಂಶೋಧನೆ ಅದೊಂದೇ. ಅಮ್ಮ ತಲೆಯಾಡಿಸಿ ಒಳಗೆ ಹೋದರು. ನಾನು ಆರನೇ ಪರಿಣಾಮಕ್ಕೆ ದಾಟಿದೆ.

ಆ ಭಾನುವಾರ ಎಲೆ ಒಂದು ಹೆಚ್ಚಿತ್ತು. ಅಮ್ಮನ ಹಣೆ ಬೋಳು, ಕೊರಳೂ ಬೋಳು. ಅಷ್ಟು ವರ್ಷದ ಜಗಳದಲ್ಲಿ ಕೊನೆಗೂ ಗೆದ್ದ ಮಗಳು ಅಡಿಗೆಮನೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹೊಸ ಎಲೆಗೆ ಅಮ್ಮ ತಾವೇ ಬಡಿಸಿದರು: ಕಡುಬು, ಕೋಳಿ ಸಾರು, ಅನ್ನ, ಅದರ ಮೇಲೆ ಇನ್ನೂ ಅನ್ನ. ಸತ್ತವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದೆವು.

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಒಬ್ಬ ಮನುಷ್ಯನನ್ನು ನೋಟ್ಸು ನೋಡಿ ಕೊಂದಿದ್ದೆ. ಹೇಗೋ ಧೈರ್ಯ ಮಾಡಿ ಅವರ ಹತ್ತಿರ ಹೋದೆ. “ಅಮ್ಮ, ನಾನು ಹಾಗೆ ಹೇಳ್ಬಾರ್ದಿತ್ತು. ನನಗೆ ನಿಜವಾಗಿ ಗೊತ್ತಿಲ್ಲ.”

ಅವರು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

“ನೀವು ಹೇಳಿದ್ದು ಒಳ್ಳೇದಾಯ್ತು ಮಾಷ್ಟ್ರೆ,” ಎಂದರು. “ಮೂವತ್ತು ಚಿಲ್ಲರೆ ವರ್ಷ ನಾನು ಅವರನ್ನು ಉಪವಾಸ ಹಾಕಿದ್ದೆ.”