ಜಾಯ್‌ಸ್ಟಿಕ್ ಯಾವ ಕಡೆಗೆ?

ಡಚ್ಚರ ನಾಡಿನ ನ್ಯೂವೆಗೈನ್‌ನ ನೀಲಾವತಿಗೆ ಮೋಟಾರು ಗಾಲಿಕುರ್ಚಿ ಮೊದಲ ಸಲ ತಪ್ಪಿಹೋದದ್ದು ಒಂದು ಲೋಟ ಕಾಫಿಯಿಂದ.

ಉಡುಪಿ ಕಡೆಯ ಹೆಂಗಸು. ಹತ್ತೊಂಬತ್ತು ವರ್ಷ ಇಲ್ಲಿಯ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ನಿಂತೇ ದುಡಿದವಳು. ನರದ ಕಾಯಿಲೆ ಬಂದು ಮೂರೇ ವರ್ಷದಲ್ಲಿ ಕಾಲು ಸೋತವು. ಗಂಡ ಜಯಕರ ಆಫೀಸಿಗೆ ಹೋದನೆಂದರೆ ಸಂಜೆಯವರೆಗೆ ಕಿಟಕಿಯೇ ಗತಿ. ಮೊದಮೊದಲು ಅಳು ಬರುತ್ತಿತ್ತು. ಈಗ ಅದೂ ಇಲ್ಲ. ಯಾರಾದರೂ ಫೋನಿನಲ್ಲಿ ವಿಚಾರಿಸಿದರೆ ಆರಾಮ ಎನ್ನುತ್ತಿದ್ದಳು, ಅಷ್ಟೆ.

ಆ ಕುರ್ಚಿಯ ವಿವರವೆಲ್ಲ ಅವಳಿಗೆ ಬಾಯಿಪಾಠ. ಕೈಯಾಸರೆಯ ತುದಿಯಲ್ಲಿ ಜಾಯ್‌ಸ್ಟಿಕ್ ಎಂಬ ಪುಟ್ಟ ಹಿಡಿ, ಅದನ್ನು ವಾಲಿಸಿದ ಕಡೆಗೆ ಕುರ್ಚಿ ಓಡುತ್ತದೆ. ಸೀಟು ಮೇಲೇರಿಸಿದರೆ ಕಪಾಟಿನ ಡಬ್ಬಿ ಕೈಗೆ ಸಿಗುತ್ತದೆ. ಹಿಂದಕ್ಕೆ ವಾಲಿಸಿದರೆ ಕೂತು ಕೂತು ಹುಣ್ಣಾಗುವುದು ತಪ್ಪುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಕಾಲುವೆ ದಾಟಿ ಸಂತೆಗೆ ಹೋಗಿ ಬರಬಹುದು, ಯಾರೂ ತಳ್ಳಬೇಕಾಗಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ.

ಅಂಥ ಕುರ್ಚಿಯನ್ನು ಇಲ್ಲಿ ನಗರಸಭೆಯೇ ಕೊಡುತ್ತದೆ. ಬೇಕೆಂದರೆ ಅವರು ಮನೆಗೇ ಬಂದು, ಅಡುಗೆಮನೆಯ ಮೇಜಿನ ಬಳಿ ಕೂತು ವಿಚಾರಿಸುತ್ತಾರೆ. ಸೆಪ್ಟೆಂಬರಿನಲ್ಲಿ ಮರೈಕೆ ಎಂಬವಳು ಬಂದಳು. ನಮ್ಮ ನೀಲಾವತಿಯೋ, ಗೋಡೆ ಹಿಡಿದು ಎದ್ದು, ಆರು ಹೆಜ್ಜೆ ನಡೆದು ಕಾಫಿ, ಚಕ್ಕುಲಿ ತಂದಿಟ್ಟಳು. ಮನೆಗೆ ಬಂದವರನ್ನು ಕೂತಲ್ಲಿಂದಲೇ ಮಾತಾಡಿಸಿ ಕಳಿಸುವುದುಂಟೇ! ಆಮೇಲೆ ಎರಡು ದಿನ ಹಾಸಿಗೆ ಹಿಡಿದದ್ದನ್ನು ಮರೈಕೆ ಕಂಡಳೇ? ಕಂಡಷ್ಟನ್ನು ಬರೆದಳು: ಮನೆಯೊಳಗೆ ನಡೆಯುತ್ತಾರೆ, ಗಂಡ ತಳ್ಳುವ ಸಾದಾ ಕುರ್ಚಿ ಸಾಕು. ಮಾಡಿದ್ದುಣ್ಣೋ ಮಹಾರಾಯ, ಇನ್ನು ಯಾರನ್ನು ಬಯ್ಯುವುದು?

ಜಯಕರ ಆಕ್ಷೇಪಣೆ ಬರೆದ. ಫೆಬ್ರವರಿಯಲ್ಲಿ ಮತ್ತೊಮ್ಮೆ ಬರುತ್ತೇವೆಂದು ಉತ್ತರ ಬಂತು. ಅಷ್ಟರಲ್ಲಿ ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನಡೆದಿತ್ತು. ದೀಪಾವಳಿಯ ಹೊತ್ತಿಗೆ ನೀಲಾವತಿಯ ಬಲಗೈ ಮರಗಟ್ಟಿತ್ತು. ತುತ್ತು ನಿಲ್ಲುತ್ತಿರಲಿಲ್ಲ, ಚಮಚ ಜಾರುತ್ತಿತ್ತು. ಮಧ್ಯಾಹ್ನ ಒಬ್ಬಳೇ ಇದ್ದಾಗ ಎಡಗೈಯಲ್ಲಿ ಉಣ್ಣುತ್ತಿದ್ದಳು. ರಾತ್ರಿ ಗಂಡನೆದುರು ಹಸಿವಿಲ್ಲ ಎನ್ನುತ್ತಿದ್ದಳು. ಹೆಂಡತಿ ಕೊರಗಿ ಸೊರಗುತ್ತಿದ್ದಾಳೆಂದು ಅವನು ತಿಳಿದಿದ್ದ. ನಿಜಕ್ಕೂ ಅವಳಲ್ಲಿ ಮರಗಟ್ಟದೆ ಉಳಿದದ್ದು ನಾಚಿಕೆಯೊಂದೇ.

ಎರಡನೇ ಸಲ ಮರೈಕೆ ಬಂದಾಗ ನೀಲಾವತಿ ಏಳಲಿಲ್ಲ. ಕಾಫಿ ತಂದವನು ಜಯಕರ. ಸೀಟು ಏರಬೇಕು, ಹಿಂದಕ್ಕೆ ವಾಲಬೇಕು ಎಂದು ಒಂದೊಂದನ್ನೇ ಬರೆದುಕೊಂಡ ಮರೈಕೆ ಕೊನೆಗೆ ಕೇಳಿದಳು, ಜಾಯ್‌ಸ್ಟಿಕ್ ಯಾವ ಕಡೆಗೆ?

ಬಲಗಡೆ, ಅಂದುಬಿಟ್ಟ ಜಯಕರ. ಅದರಲ್ಲಿ ಕೇಳುವುದಕ್ಕೇನಿದೆ ಎಂಬ ಧಾಟಿ.

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಕುರ್ಚಿಯೂ ಬರುತ್ತಿತ್ತು, ಓಡಿಸಲಾಗದೆ ಮೂಲೆ ಸೇರುತ್ತಿತ್ತು. ನೀಲಾವತಿ ಮರೈಕೆಗೆ ಡಚ್ಚಿನಲ್ಲಿ ಎಡಗಡೆ ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಬಲಗೈಯಲ್ಲಿ ಎಂತದೂ ಹಿಡಿಲಿಕ್ಕೆ ಆಗುದಿಲ್ಲ. ದೀಪಾವಳಿಯಿಂದ."

"ಮತ್ತೆ ನೀನು ಊಟ ಮಾಡುದು ಹೇಗೆ?"

ಅವಳು ಎಡಗೈ ಎತ್ತಿ ತೋರಿಸಿದಳು. ಮರೈಕೆ ಹಾಳೆಯ ಮೇಲೆ ಬರೆದದ್ದನ್ನು ಹೊಡೆದುಹಾಕಿ ತಿದ್ದಿದಳು, ಮೋಟಾರು ಕುರ್ಚಿಗೆ ತಾನು ಒಪ್ಪಿಗೆ ಬರೆಯುವುದಾಗಿ ಹೇಳಿ ಹೊರಟಳು. ಸಂತೋಷವಾಗಬೇಕಿತ್ತು. ನೀಲಾವತಿ ಕಾದಳು, ಆಗಲಿಲ್ಲ.

ಜಯಕರ ಅನ್ನ, ಸಾರು ಬಿಸಿ ಮಾಡಿ ತಂದ. ಕಲಸಿ, ತುತ್ತು ಮಾಡಿ ಅವಳ ಬಾಯಿಯ ಬಳಿ ಹಿಡಿದ. ಅವಳು ಮುಖ ತಿರುಗಿಸಿ, ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಅವನೆದುರೇ ಎಡಗೈಯಲ್ಲಿ ಉಂಡಳು. ಅಗುಳು ಮೇಜಿನ ಮೇಲೆಲ್ಲ ಬಿತ್ತು. ಅವನು ನೋಡುತ್ತಲೇ ಇದ್ದ, ಅವಳು ನಿಲ್ಲಿಸಲಿಲ್ಲ. ತಟ್ಟೆ ಖಾಲಿಯಾದ ಮೇಲೆ ಇನ್ನೂ ಸ್ವಲ್ಪ ಅನ್ನ ಹಾಕಿ, ಎಂದಳು.