ಬೈಗುಳದಕ್ಕನ ಅಕ್ಕರೆ

ಐವತ್ತೆರಡರ ವಿಧವೆ, ಒಬ್ಬಳೇ ಮಗಳ ತಾಯಿ, ಸೋಂಕಿನ ವಾರ್ಡಿನ ಆಯಾ. ರೋಗಿಗಳ ಬಾಯಲ್ಲಿ ಬೈಗುಳದಕ್ಕ. ಪೊರಕೆಗಿಂತ ಮೊದಲು ಆಕೆಯ ನಾಲಿಗೆ ಒಳಬರುತ್ತಿತ್ತು. "ಏಳೋ ಸೋಮಾರಿ, ಹಾಸಿಗೆಗೆ ಬೇರು ಬಿಟ್ಟಿದ್ದೀಯಾ?" ಎಂದು ಗದರಿಸಿಕೊಂಡ ಮೂಲೆ ಹಾಸಿಗೆಯ ದರ್ಜಿ, ಉಸಿರಿಗೆ ಒದ್ದಾಡುತ್ತಿದ್ದರೂ ನೆಮ್ಮದಿಯಿಂದ ಎದ್ದು ಕೂರುತ್ತಿದ್ದ. ಉಳಿಯಲಾರದವರನ್ನು ಬೈಯಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ಅವರ ಹಣೆ ಸವರಿ "ಮಗಾ" ಎನ್ನುತ್ತಿದ್ದಳು. ಬೆಳಗಾದರೆ ಆ ಹಾಸಿಗೆ ಖಾಲಿ. ಹೀಗಾಗಿ ಇಡೀ ವಾರ್ಡು ನಡುಗುತ್ತಿದ್ದುದು ಆಕೆಯ ಅಕ್ಕರೆಗೆ. ಒಂದು ದಿನ ಸೋಂಕು ತಗುಲಿದ ಆಕೆಯನ್ನೇ ತಂದು ದರ್ಜಿಯ ಪಕ್ಕದಲ್ಲಿ ಮಲಗಿಸಿದರು. "ಅಕ್ಕಾ" ಎಂಬ ಮೆತ್ತನೆಯ ಮಾತು ಅವನ ಗಂಟಲಿಗೆ ಬಂದಿತ್ತು. ಆಕೆಯ ಕಣ್ಣಲ್ಲಿದ್ದ ಭಯ ಕಂಡು ನುಂಗಿಕೊಂಡ. "ಏಳೇ ಸೋಮಾರಿ! ನೆಲವನ್ನೇನು ನಿಮ್ಮಪ್ಪ ಗುಡಿಸ್ತಾನಾ?" ಎಂದು ಗದರಿದ. ಆಮ್ಲಜನಕದ ಮಾಸ್ಕಿನೊಳಗೆ ಆಕೆಯ ತುಟಿ ಅಲುಗಿತು. ವಾರ್ಡಿಗೆ ವಾರ್ಡೇ ಉಸಿರು ಬಿಗಿಹಿಡಿದು ಒಂದು ಬೈಗುಳಕ್ಕಾಗಿ ಕಾಯಿತು.