ಇನ್ನೂರ ಹದಿನೈದನೆಯ ಸುಳ್ಳು

ಕೋಳಿ ಕೂಗುವ ಹೊತ್ತು. ಕೊನ್ಸೆಪ್ಸಿಯೋನ್ ಊರಿನ ಬಂದರು ಬೀದಿಯಲ್ಲಿ ದೀಪ ಉರಿಯುತ್ತಿರುವುದು ಎರಡೇ ಕಡೆ. ಒಂದು ಚಿಪಾ ರೊಟ್ಟಿ ಸುಡುವ ಒಲೆಯ ಮನೆ, ಇನ್ನೊಂದು ಅದರ ಮಹಡಿಯ ಮೇಲಿನ ಕೋಣೆ. ಆ ಕೋಣೆಯಲ್ಲಿ ಅರವತ್ತೊಂದು ವರ್ಷದ ನಿಮಿಯಾ ಒವೆಲಾರ್ ಮಾಟೆ ಎಂಬ ಬಿಸಿ ಎಲೆಕಷಾಯ ತುಂಬಿದ ಸೋರೆಬುರುಡೆಯನ್ನು ಪಕ್ಕಕ್ಕೆ ಸರಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇನ್ನು ಮೂರು ಗಂಟೆ ಅವರು ಸುಳ್ಳು ಹೇಳಬೇಕು. ದಿನಕ್ಕೆ ಇನ್ನೂರ ಹದಿನಾಲ್ಕು ಸುಳ್ಳು. ಆರು ವರ್ಷದಿಂದ ಇದೇ ಕೆಲಸ. ಇವತ್ತು ಒಂದು ಹೆಚ್ಚಿಗೆ ಇದೆ.

ಆ ಹೆಚ್ಚಿನ ಒಂದರ ಮೇಲೆಯೇ ಇವತ್ತಿನ ದಿನ ನಿಂತಿದೆ. ಒಂಬತ್ತು ಗಂಟೆಗೆ ದೋಣಿ ಹೊರಡುತ್ತದೆ. ನದಿಯುದ್ದಕ್ಕೂ ಇರುವ ಮೂವತ್ತೊಂದು ಆರೋಗ್ಯ ಕೇಂದ್ರಗಳಿಗೆ ತಿದ್ದಿದ ಬ್ರೌಸರ್ ಆ ದೋಣಿಯಲ್ಲಿ ಹೋಗಬೇಕು. ಅದು ಹೋಗಬಹುದು ಎಂದು ಸಹಿ ಹಾಕಬೇಕಾದವರು ನಿಮಿಯಾ.

ಆ ಕೇಂದ್ರಗಳ ಕಂಪ್ಯೂಟರುಗಳೆಲ್ಲ ಯಾರೋ ದಾನ ಕೊಟ್ಟ ಹಳೆಯವು, ಅಲ್ಲಿಗೆ ತಲುಪುವ ಸಂಪರ್ಕವೂ ಬಲು ನಿಧಾನ. ದೊಡ್ಡ ಬ್ರೌಸರುಗಳು ಅವುಗಳ ಮೇಲೆ ಏದುಸಿರು ಬಿಡುತ್ತವೆ. ಅದಕ್ಕೇ ಇಲ್ಲಿಯ ಸಹಕಾರ ಸಂಘದವರು ತಮ್ಮದೇ ಒಂದು ಚಿಕ್ಕ ಬ್ರೌಸರ್ ಕಟ್ಟಿದರು. ದಾದಿಯರು ಅದರಲ್ಲಿ ಜಿಲ್ಲಾಸ್ಪತ್ರೆಯ ಪುಟ ತೆರೆದು, ಯಾರ ರಕ್ತ ಹೇಗಿದೆ, ಯಾರಿಗೆ ಎಷ್ಟು ಮಾತ್ರೆ ಎಂದು ಓದಿ, ರೋಗಿಗೆ ಕೊಡುತ್ತಾರೆ. ಪುಟ ತೆರೆದಾಗ ಮೂಲೆಯಲ್ಲಿ ಬೀಗದ ಗುರುತು ಕಂಡರೆ ಅದು ಆಸ್ಪತ್ರೆಯದೇ ಪುಟ ಎಂದು ನಂಬಿಕೆ.

ಬೀಗ ಕಾಣುವುದು ಪ್ರಮಾಣಪತ್ರ ನೋಡಿದ ಮೇಲೆ. 'ನಾನೇ ಆಸ್ಪತ್ರೆ' ಎಂದು ಆ ತಾಣ ಒಂದು ಪತ್ರ ತೋರಿಸುತ್ತದೆ. ಅದಕ್ಕೊಬ್ಬರು ಸಾಕ್ಷಿ ಹಾಕಿರುತ್ತಾರೆ, ಆ ಸಾಕ್ಷಿಗೆ ಮೇಲಿನವರು ಇನ್ನೊಬ್ಬರು. ಹೀಗೆ ಏಣಿ ಹತ್ತುತ್ತ ಹೋದರೆ ಕೊನೆಗೆ ಬ್ರೌಸರಿಗೆ ಮೊದಲೇ ಗೊತ್ತಿರುವ ಹಿರಿಯರು ಸಿಗಬೇಕು. ನಿಮಿಯಾ ಮಾಡುವುದು ಇಷ್ಟೇ: ಖೊಟ್ಟಿ ಪತ್ರಗಳನ್ನು ತಯಾರಿಸಿ ಬ್ರೌಸರಿನ ಮುಂದೆ ಹಿಡಿಯುವುದು. ಅವಧಿ ಮುಗಿದದ್ದು, ಹೆಸರು ತಪ್ಪಿದ್ದು, ಸಹಿ ತಿದ್ದಿದ್ದು, ರದ್ದಾದದ್ದು. ಬ್ರೌಸರ್ ಪ್ರತಿಯೊಂದಕ್ಕೂ ಕೆಂಪು ಪುಟ ತೋರಿಸಿ ಬಾಗಿಲು ಮುಚ್ಚಬೇಕು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಇದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡರಂತೆ. "ಸ್ವಾಮಿ, ದಿನಾ ಸುಳ್ಳು ಹೇಳ್ತೀನಿ" ಎಂದರೆ ಪಾದ್ರಿ, "ಯಾರಿಗೆ?" ಎಂದರು.

"ಯಂತ್ರಕ್ಕೆ."

"ನಂಬುತ್ತಾ?"

"ಇಲ್ಲ ಸ್ವಾಮಿ."

"ಹಾಗಾದ್ರೆ ಮನೆಗೆ ಹೋಗಿ ತಾಯಿ. ನಂಬಿದ ದಿನ ಬನ್ನಿ."

ಇದನ್ನು ಹೇಳಿ ಅವರು ನಗುತ್ತಿದ್ದ ಕಾಲವೊಂದಿತ್ತು. ಈಗ ಹೇಳುವಾಗ ನಗು ಬರುವುದಿಲ್ಲ.

ಮೊದಲು ಅವರದು ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ಕಟ್ಟೆಯ ಕೆಲಸ. ಗಂಡ ಸಿಂದುಲ್ಫೋ ಜೊತೆಗಿದ್ದರು. ಹತ್ತೊಂಬತ್ತು ವರ್ಷ ಇಬ್ಬರೂ ಗಂಟುಗಳನ್ನು ತೂಗಿ, ಅರಗಿನ ಮುದ್ರೆ ಒತ್ತಿ, ಚೀಟಿ ನೋಡಿ ಒಪ್ಪಿಸಿದರು. ಕಟ್ಟೆ ಮುಚ್ಚಿದಾಗ ನಿಮಿಯಾಗೆ ಐವತ್ತೈದು. ಮುದ್ರೆ ನೋಡುವ ಕಣ್ಣು ಬೇಕು ಎಂದು ಸಂಘದವರೇ ಕರೆದರು. ಕೆಳಗಿನ ಚಿಪಾ ಅಂಗಡಿಯೂ ಸಂಘದ್ದೇ, ಅದರ ಜಾಲತಾಣ ನೋಡಿಕೊಳ್ಳುವುದನ್ನೂ ಇವರಿಗೇ ವಹಿಸಿದರು. ಸಿಂದುಲ್ಫೋ ತೀರಿಕೊಂಡು ನಾಲ್ಕು ವರ್ಷವಾಯಿತು. ಬೆಳಗಿನ ಮೊದಲ ಮಾಟೆ ಇವತ್ತಿಗೂ ಅವರ ಪಾಲು. ನಿಮಿಯಾ ಅದನ್ನು ಕಿಟಕಿಯಾಚೆಯ ಮಣ್ಣಿಗೆ ಸುರಿದು, ಎರಡನೆಯದನ್ನು ತಾವು ಕುಡಿಯುತ್ತಾರೆ.

ಆಘಾತ ಬಂದದ್ದು ತಂಗಿಯ ಬಾಯಿಂದ.

ತಂಗಿ ಸೆವೆರಿಯಾನಾ ಇರುವುದು ನದಿಯ ಮೇಲ್ಭಾಗದ ಊರಿನಲ್ಲಿ. ರಕ್ತ ಹೆಪ್ಪುಗಟ್ಟದಿರಲು ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ. ತೀರಾ ಲೆಕ್ಕದ ಮಾತ್ರೆ ಅದು, ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಹದಿನಾಲ್ಕು ದಿನದ ಹಿಂದೆ ಮೊಮ್ಮಗಳ ದೀಕ್ಷಾಸ್ನಾನ ಗೊತ್ತುಮಾಡಲು ದೋಣಿ ಹತ್ತಿ ಬಂದರು. ಮಗುವಿಗೆ ಧರ್ಮಪಿತನಾಗಿ ನಿಲ್ಲುವವನು ತನ್ನ ಊರಿನ ಇಗರ್ಜಿಯಿಂದ 'ಇವನು ದೀಕ್ಷೆ ಪಡೆದವನು, ಯೋಗ್ಯ' ಎಂದು ಪತ್ರ ತರಬೇಕು. ಆ ಊರಿಗೆ ಪಾದ್ರಿ ಬರುವುದು ಎರಡು ತಿಂಗಳಿಗೊಮ್ಮೆ.

"ಅಕ್ಕಾ, ನೀನೇ ಬರೆದುಕೊಡು ಮತ್ತೆ" ಎಂದರು ಸೆವೆರಿಯಾನಾ.

"ನಾನ್ಯಾಕೆ ಬರೀಲಿ? ನಾನೇನು ಪಾದ್ರೀನಾ?"

"ನಿನ್ನ ಹತ್ರ ನಿನ್ನ ದೀಕ್ಷೆದು, ಇಗರ್ಜಿ ಮುದ್ರೆ ಇರೋ ಪತ್ರ ಇದೆಯಲ್ಲ. ಅದರ ಕೆಳಗೆ ಇವನ ಹೆಸರು ಬರೆದು ಸಹಿ ಹಾಕು. ನಿನ್ನ ಪತ್ರ ಅಸಲಿ ಅಂದ್ಮೇಲೆ ಅವನದೂ ಅಸಲಿ."

"ಅಯ್ಯೋ ಹುಚ್ಚೀ! ಪತ್ರ ಇಸ್ಕೊಂಡೋಳು ಪತ್ರ ಕೊಡೋಕಾಗುತ್ತೇನೆ? ಹಾಗಿದ್ರೆ ದೀಕ್ಷೆ ತಗೊಂಡೋರೆಲ್ಲ ಪಾದ್ರಿಗಳೇ ಆಗ್ತಿದ್ರು!"

ಇಬ್ಬರೂ ನಕ್ಕರು. ನಿಮಿಯಾರ ನಗು ನಡುವೆಯೇ ನಿಂತುಬಿಟ್ಟಿತು. ಅವರ ಪಟ್ಟಿಯಲ್ಲಿದ್ದ ಇನ್ನೂರ ಹದಿನಾಲ್ಕು ಪತ್ರಗಳೂ ಖೊಟ್ಟಿ. ಅಸಲಿ ಪತ್ರ ಇಟ್ಟುಕೊಂಡವನು ಇನ್ನೊಬ್ಬನಿಗೆ ತಾನೇ ಪತ್ರ ಬರೆದುಕೊಟ್ಟರೆ? ಅದು ಪಟ್ಟಿಯಲ್ಲಿರಲಿಲ್ಲ.

ಮರುದಿನ ಬೆಳಗಿನ ಜಾವ ಅವರು ಚಿಪಾ ಅಂಗಡಿಯ ಪ್ರಮಾಣಪತ್ರ ತೆಗೆದರು. ಅದು ನ್ಯಾಯವಾದದ್ದು, ಹಿರಿಯರ ಸಾಕ್ಷಿ ಇದ್ದದ್ದು. 'ಇದು ಇನ್ನೊಬ್ಬರಿಗೆ ಸಾಕ್ಷಿ ಹಾಕುವಂತಿಲ್ಲ' ಎಂಬ ಸಾಲು ಅದರೊಳಗೇ ಇದೆ. ಆದರೂ ಅದರ ಜೊತೆಗಿರುವ, ಸಹಿ ಹಾಕುವ ಗುಟ್ಟಿನ ಕೀಲಿಯಿಂದಲೇ ಜಿಲ್ಲಾಸ್ಪತ್ರೆಯ ಹೆಸರಿಗೆ ಒಂದು ಪತ್ರ ಬರೆದು ಸಹಿ ಹಾಕಿದರು. ತಮ್ಮ ಯಂತ್ರದಲ್ಲೇ ಒಂದು ಹುಸಿ ಪುಟ ಕಟ್ಟಿ, ಅದರಲ್ಲಿ ತಂಗಿಯ ಹೆಸರು ಬರೆದು, ಮಾತ್ರೆ ಒಂದರ ಬದಲು ಐದು ಎಂದು ಹಾಕಿದರು. ಬ್ರೌಸರ್ ತೆರೆದರು.

ಬೀಗ ಕಂಡಿತು. ಆಸ್ಪತ್ರೆಯ ಹೆಸರು ಕಂಡಿತು. ಸೆವೆರಿಯಾನಾ, ದಿನಕ್ಕೆ ಐದು.

"ನಂಬಿಬಿಟ್ಟಿತು" ಎನ್ನುತ್ತಾರೆ ನಿಮಿಯಾ. "ಯಾವುದೋ ಗುಂಡಿ ತಪ್ಪು ಒತ್ತಿದೀನಿ ಅಂದ್ಕೊಂಡು ಮುಚ್ಚಿ ತೆರೆದೆ. ಮತ್ತೆ ಬೀಗ. ಏಳು ಸಲ ತೆರೆದೆ. ಏಳು ಸಲಾನೂ ಬೀಗ."

ಬ್ರೌಸರ್ ಬರೆದ ಇಂಜಿನಿಯರುಗಳಲ್ಲಿ ಹಿರಿಯಳು ಲೀಸ್ ಇನ್ಸ್‌ಫ್ರಾನ್. ಫೋನಿನಲ್ಲಿ ಮೊದಲು ಆಕೆ ಒಪ್ಪಲಿಲ್ಲ.

"ನಿಮಿಯಾ ಅಮ್ಮಾ, ಹಾಗಾಗೋಕೆ ಸಾಧ್ಯಾನೇ ಇಲ್ಲ. ಒಂದೊಂದು ಸಹಿಯನ್ನೂ ಪರೀಕ್ಷೆ ಮಾಡುತ್ತೆ ಅದು."

"ಸಹಿ ನೋಡುತ್ತಮ್ಮ. ಸಹಿ ಹಾಕೋ ಹಕ್ಕಿದೆಯಾ ಅಂತ ನೋಡೋದಿಲ್ಲ. ಚಿಪಾ ಮಾರೋನು ಆಸ್ಪತ್ರೆಗೆ ಸಾಕ್ಷಿ ಹೇಳ್ತಿದಾನೆ. ಬಂದು ನೋಡು."

ಲೀಸ್ ಬಂದು ನೋಡಿದಳು. ಕುರ್ಚಿ ಎಳೆದುಕೊಳ್ಳುವುದನ್ನೂ ಮರೆತು ನಿಂತೇ ಇದ್ದಳು. ಬ್ರೌಸರನ್ನು ಹಗುರ ಮಾಡಲೆಂದು 'ಸಾಕ್ಷಿ ಹಾಕುವಂತಿಲ್ಲ' ಎಂಬ ಸಾಲನ್ನು ಓದುವ ಭಾಗವನ್ನು ತೆಗೆದುಹಾಕಿದ್ದು ಅವಳ ತಂಡವೇ. ಯಾವ ಆವೃತ್ತಿಯಲ್ಲಿ ತೆಗೆದದ್ದು ಎಂದು ಹುಡುಕಿದಾಗ ಎರಡನೆಯ ಸಿಡಿಲು ಬಡಿಯಿತು. ಅದು ಎರಡು ವರ್ಷದ ಹಿಂದಿನದು, ಮೂವತ್ತೊಂದು ಕೇಂದ್ರಗಳಲ್ಲೂ ನಡೆಯುತ್ತಿರುವುದು ಅದೇ. ಒಪ್ಪಿಗೆ ಪತ್ರದ ಕೆಳಗೆ ಸಹಿ ಇತ್ತು: ನಿಮಿಯಾ ಒವೆಲಾರ್.

"ಇನ್ನೂರ ಹದಿನಾಲ್ಕಕ್ಕೂ ಸರಿ ಅಂತ ಗುರುತು ಹಾಕಿದ್ದೆ" ಎನ್ನುತ್ತಾರೆ ಅವರು. "ಪಾರ್ಸೆಲ್ ಕಟ್ಟೇಲಿದ್ದಾಗ ನಮ್ಮನೆಯೋರು ಹೇಳೋರು: ಮುದ್ರೆ ನೋಡಿ ಸುಮ್ಮನಾಗಬೇಡ, ಒತ್ತಿದ ಕೈ ಯಾರದು ಕೇಳು ಅಂತ. ನಾನು ಕಳ್ಳರ ಪತ್ರಾನೇ ನೋಡ್ತಾ ಕೂತೆ. ಒಳ್ಳೆಯೋರ ಪತ್ರದ ಬಗ್ಗೆ ಯೋಚನೇನೇ ಮಾಡಲಿಲ್ಲ."

ಆ ಮಧ್ಯಾಹ್ನ ತಂಗಿಗೆ ಹೇಳಲೇಬೇಕಾಯಿತು. ಸೆವೆರಿಯಾನಾ ಮಾತ್ರೆಯ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಹಾಗಾದ್ರೆ ಎರಡು ವರ್ಷದಿಂದ ನಾನು ಯಾರ ಮಾತು ನಂಬಿ ಇದನ್ನ ನುಂಗ್ತಿದ್ದೀನಿ, ಅಕ್ಕಾ?"

ದಾರಿಯ ನಡುವೆ ಯಾರಾದರೂ ಅಡ್ಡ ಕೂತು ಬೇರೆ ಪುಟ ತೋರಿಸಿದ್ದರೂ ಬೀಗ ಹಾಗೆಯೇ ಕಾಣುತ್ತಿತ್ತು, ದಾದಿಗೆ ತಿಳಿಯುತ್ತಲೇ ಇರಲಿಲ್ಲ.

ಅಂದೇ ಸಂಜೆ ಕೇಂದ್ರಗಳಿಗೆಲ್ಲ ಸುದ್ದಿ ಹೋಯಿತು: ಪರದೆಯ ಮೇಲಿನ ಅಂಕಿ ನೋಡಿ ಮಾತ್ರೆ ಕೊಡಬೇಡಿ. ಅಂದಿನಿಂದ ಹನ್ನೆರಡು ದಿನವೂ ಆಸ್ಪತ್ರೆಯವರು ರೇಡಿಯೋದಲ್ಲಿ ಒಂದೊಂದೇ ಹೆಸರನ್ನೂ ಒಂದೊಂದೇ ಅಂಕಿಯನ್ನೂ ಓದಿ ಹೇಳುತ್ತಿದ್ದಾರೆ. ದಾದಿಯರು ದನಿಯ ಗುರುತು ಹಿಡಿದು ಬರೆದುಕೊಳ್ಳುತ್ತಾರೆ. ಮಳೆ ಗುಡುಗಿದರೆ ಅರ್ಧ ಹೆಸರು ಕೇಳಿಸುವುದಿಲ್ಲ. ಹೆಚ್ಚು ದಿನ ನಡೆಯುವ ದಾರಿಯಲ್ಲ ಅದು.

ನಿಮಿಯಾ ಅಷ್ಟೂ ದಿನ ಬೆಳಗ್ಗೆ ಪರೀಕ್ಷೆ ಮುಗಿಸಿ, ಹಗಲೆಲ್ಲ ಕೇಂದ್ರಗಳ ದಾದಿಯರು ಬರೆದಿಟ್ಟ ಎರಡು ವರ್ಷದ ಮಾತ್ರೆ ಪುಸ್ತಕಗಳನ್ನು ತರಿಸಿಕೊಂಡು ಆಸ್ಪತ್ರೆಯ ಪುಸ್ತಕದ ಜೊತೆ ಸಾಲು ಸಾಲಾಗಿ ಹೋಲಿಸಿದ್ದಾರೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಇಪ್ಪತ್ತೊಂಬತ್ತು ಊರುಗಳದು ಒಂದಕ್ಷರವೂ ತಪ್ಪದೆ ಕೂಡಿದೆ. ದೇವರು ದೊಡ್ಡವನು. ಉಳಿದ ಎರಡು ಊರುಗಳ ಪುಸ್ತಕಗಳನ್ನು ಹೋದ ವರ್ಷದ ನೆರೆ ಕೊಚ್ಚಿಕೊಂಡು ಹೋಗಿದೆ. ಆ ಎರಡರ ಮಾತು ಬಂದರೆ ಅವರು ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

ಈಗ ಎಂಟು ಗಂಟೆ ಹತ್ತು ನಿಮಿಷ. ಲೀಸ್ ತಂಡ ತಿದ್ದಿದ ಬ್ರೌಸರಿನ ಮುಂದೆ ಇನ್ನೂರ ಹದಿನಾಲ್ಕೂ ಮುಗಿದಿವೆ, ಎಲ್ಲದಕ್ಕೂ ಕೆಂಪು ಪುಟ. ಬಾಗಿಲಲ್ಲಿ ಲೀಸ್ ಉಗುರು ಕಚ್ಚುತ್ತ ನಿಂತಿದ್ದಾಳೆ. ಊರಿಗೆ ಹೊರಟ ಸೆವೆರಿಯಾನಾ ಚೀಲ ಹಿಡಿದು ಅವಳ ಹಿಂದಿದ್ದಾರೆ. ನಿಮಿಯಾ ಚಿಪಾ ಅಂಗಡಿಯ ಸಾಕ್ಷಿ ಇರುವ ಆಸ್ಪತ್ರೆಯ ಪತ್ರವನ್ನು ಮುಂದೆ ಹಿಡಿಯುತ್ತಾರೆ.

ಪುಟ ಕೆಂಪಾಗುತ್ತದೆ. 'ಸಾಕ್ಷಿ ಹಾಕಿದವರಿಗೆ ಆ ಹಕ್ಕಿಲ್ಲ.'

ನಿಮಿಯಾ ಮುಚ್ಚಿ ಮತ್ತೆ ತೆರೆಯುತ್ತಾರೆ. ಏಳು ಸಲ. ಏಳು ಸಲವೂ ಕೆಂಪು.

"ಈ ಜನ್ಮದಲ್ಲಿ ನನ್ನನ್ನ ಯಾರೂ ಇಷ್ಟು ಚೆನ್ನಾಗಿ ಬಾಗಿಲಿಂದ ಆಚೆಗೆ ಅಟ್ಟಿರಲಿಲ್ಲ ನೋಡು" ಎಂದು ಅವರು ಲೀಸ್ ಕಡೆ ತಿರುಗುತ್ತಾರೆ. ಹನ್ನೆರಡು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗುವಿನಂಥದ್ದೊಂದು ಸುಳಿಯುತ್ತದೆ. ಪಟ್ಟಿಯ ಕೊನೆಗೆ 'ಇನ್ನೂರ ಹದಿನೈದು: ಒಳ್ಳೆಯವರ ಪತ್ರ' ಎಂದು ದುಂಡಗೆ ಬರೆದು ಸಹಿ ಹಾಕುತ್ತಾರೆ.

"ಸಂಘದವರು ನಿಮಗೆ ಏನಾದ್ರೂ ಮಾಡ್ಬೇಕು ಅಂತಿದಾರೆ" ಎನ್ನುತ್ತಾಳೆ ಲೀಸ್. "ಏನು ಬೇಕು, ಕೇಳಿ."

"ದೋಣಿಯಲ್ಲಿ ಒಂದು ಜಾಗ. ಆ ಎರಡು ಊರಿಗೆ ಹೋಗ್ಬೇಕು. ಮಾತ್ರೆ ತಗೊಳ್ಳೋರ ಮನೆ ಮನೆಗೂ ಹೋಗಿ, ಚೆನ್ನಾಗಿದ್ದೀರಾ ಅಂತ ಕೇಳ್ಬೇಕು. ನನ್ನ ಸಹಿ ನಂಬಿದೋರ ಮುಖಾನೇ ನಾನು ನೋಡಿಲ್ಲ."

ಹಳೆಯ ಶಾಲು ಹೊದ್ದು ಅವರು ಮೆಟ್ಟಿಲು ಇಳಿಯುತ್ತಾರೆ. ಸೆವೆರಿಯಾನಾ ಹಿಂದಿನಿಂದ ಚುಚ್ಚುತ್ತಾರೆ: "ಗುರುತಿಲ್ಲದ ಮುದುಕಿ ಬಂದು ಮಾತ್ರೆ ವಿಚಾರ ಕೇಳಿದ್ರೆ ಯಾರು ಹೇಳ್ತಾರಕ್ಕ? ನೀನ್ಯಾರು, ಯಾರು ಕಳಿಸಿದ್ದು ಅಂತ ಬಾಗಿಲಲ್ಲೇ ನಿಲ್ಲಿಸ್ತಾರೆ."

ನಿಮಿಯಾ ಗುರುತಿನ ಚೀಟಿಯನ್ನು ಚೀಲದಿಂದ ತೆಗೆದು, ಕೈಗೆ ಸಿಗುವಂತೆ ಮೇಲುಜೇಬಿಗೆ ಇಟ್ಟುಕೊಳ್ಳುತ್ತಾರೆ.

"ನಿಲ್ಲಿಸಲಿ ಸೆವಿ. ಹಾಗೆ ನಿಲ್ಲಿಸಿ ಕೇಳಲಿ ಅಂತ ತಾನೇ ನಾನು ಆರು ವರ್ಷದಿಂದ ಬೇಡ್ಕೊಳ್ತಿರೋದು."